ಧ್ರುವದ ಚಳಿಯ ವಿಳಾಸ

ಸುರಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಕಾಲದಲ್ಲಿ ನಾನು ವರ್ಷಕ್ಕೊಮ್ಮೆ ತಪ್ಪದೆ ಉತ್ತರ ಧ್ರುವಕ್ಕೆ ಹೋಗಿ ಬರುತ್ತಿದ್ದೆ. ಹೋಗುವುದು ಕರಿಹಲಗೆಯ ಮೇಲೆ, ಬರುವುದು ಗಂಟೆ ಹೊಡೆದಾಗ. ಅಲ್ಲಿಯ ಚಳಿಯನ್ನು ವರ್ಣಿಸುವ ದಿನ ಬೆವರು ಒರೆಸಿಕೊಳ್ಳಲು ಹೆಚ್ಚಿನದೊಂದು ಕರವಸ್ತ್ರ ಜೇಬಿನಲ್ಲಿ ಇರಬೇಕಾಗುತ್ತಿತ್ತು. ನಾನು ಕಣ್ಣಾರೆ ಕಂಡ ಅತಿ ದೊಡ್ಡ ಹಿಮಖಂಡವೆಂದರೆ ಶಹಾಪುರದ ಬಸ್ ನಿಲ್ದಾಣದ ಎದುರಿನ ಸೋಡಾ ಅಂಗಡಿಯವನು ಹೊಟ್ಟು ಮೆತ್ತಿ, ಗೋಣಿಚೀಲದಲ್ಲಿ ಸುತ್ತಿಡುತ್ತಿದ್ದ ಬರ್ಫದ ಗಡ್ಡೆ. ಆದರೂ ಧ್ರುವಪ್ರದೇಶದ ವಿಷಯದಲ್ಲಿ ‘ನಿಮಗೆ ಹೇಗೆ ಗೊತ್ತು?’ ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಿರಲಿಲ್ಲ. ಪುಸ್ತಕದಲ್ಲಿತ್ತು, ನಾನು ಹೇಳಿದೆ, ಅವರು ಬರೆದುಕೊಂಡರು.

ಆ ಪ್ರಶ್ನೆ ಬಂದದ್ದು ನಾನು ನಿವೃತ್ತನಾಗಿ, ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಹತ್ತಿರ ಬಾಡಿಗೆ ಮನೆ ಹಿಡಿದು, ಕಾಲುವೆಯ ನೀರು ನೋಡುತ್ತಾ ಕೂತ ಮೇಲೆ. ತಂದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಸಗರದ ರೈತರ ಮಗಳು. ಓದಿನಲ್ಲಿ ಚುರುಕು, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್‌ಡಿಗೆ ಹೆಸರು ಹಚ್ಚಿ, ಊರಲ್ಲಿದ್ದುಕೊಂಡೇ ಪ್ರಬಂಧ ಬರೆಯುತ್ತಿದ್ದಳು.

ಅವಳ ವಿಷಯ ಚಳಿ. ಕಾಲುವೆ ಬರುವ ಮುಂಚೆ ನಮ್ಮ ಕಡೆ ಚಳಿಗೆ ಒಳ್ಳೆಯ ಹೆಸರಿತ್ತು. ಜೋಳಕ್ಕೆ ಅದು ಹಿತ, ಕಡಲೆಗೆ ಹಿತ. ಅದು ಎಲ್ಲಿಂದ ಬರುತ್ತದೆಂದು ಯಾರೂ ವಿಚಾರಿಸಿರಲಿಲ್ಲ. ಉಪಕಾರ ಮಾಡುವವರ ಕುಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕಾಲುವೆ ಬಂತು, ಭತ್ತ ಬಂತು, ಎರಡನೇ ಬೆಳೆಯೂ ಬಂತು. ಆ ಎರಡನೇ ಬೆಳೆಯ ಸಸಿಮಡಿ ಹಾಕುವುದು ಸರಿಯಾಗಿ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಚಳಿಯಲ್ಲಿ. ಕೆಲವು ವರ್ಷ ಸಸಿ ಹಸಿರಾಗಿ ಏಳುತ್ತಿತ್ತು. ಕೆಲವು ವರ್ಷ ಹಳದಿ ತಿರುಗಿ, ಮುನಿಸಿಕೊಂಡ ಅಳಿಯನ ಹಾಗೆ ಕೂತಲ್ಲೇ ಕೂತಿರುತ್ತಿತ್ತು. ಯಾವ ವರ್ಷದ ಚಳಿ ಹೀಗೆ ಕಾಡುತ್ತದೆ, ಯಾಕೆ ಕಾಡುತ್ತದೆ ಎಂಬುದೇ ಅವಳ ಪ್ರಶ್ನೆ. ಉತ್ತರ ಧ್ರುವದ ಚಳಿಯ ಕಟ್ಟು ಸಡಿಲವಾದ ವರ್ಷ ಅದು ಕೆಳಗೆ ಜಾರಿ ಜಾರಿ ನಮ್ಮವರೆಗೂ ಬರುತ್ತದೇನೋ ನೋಡು ಎಂದು ಅವಳ ಗೈಡ್ ಸೂಚಿಸಿದ್ದರಂತೆ. ಅವಳು ನೋಡಿದಳು. ಧ್ರುವದ ಅಂಕಿಗಳನ್ನೂ ನಮ್ಮ ರಾತ್ರಿಗಳ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟರೆ ಅವು ಜೋಡೆತ್ತಿನಂತೆ ಹೆಜ್ಜೆ ಹಾಕುತ್ತಿದ್ದವು. ಇಡೀ ಪ್ರಬಂಧ ನಿಂತದ್ದೇ ಆ ಜೋಡಿಯ ಮೇಲೆ.

ಒಂದು ಮಧ್ಯಾಹ್ನ ಬ್ಯಾಗು ಹೆಗಲಿಗೇರಿಸಿಕೊಂಡು ಬಂದಳು.

“ಸರ, ಒಂದು ಕೆಲಸ ಅದ್ರಿ.”

“ಮೊದ್ಲು ಕುಂದ್ರವ್ವಾ. ನೀರು ಕುಡಿ.”

“ಉತ್ತರ ಧ್ರುವದ ಚಳಿ ಎಲ್ಲಿಂದ ತಂದಿ ಅಂತ ಗೈಡ್ ಕೇಳಾಕತ್ತಾರ್ರಿ.”

“ಉತ್ತರ ಧ್ರುವದಿಂದ ಅಂತ ಹೇಳು.”

“ನಗಬ್ಯಾಡ್ರಿ ಸರ. ನನ್ನ ಜೀವ ಹೋಗಾಕತ್ತದ.”

ನಗು ನಿಲ್ಲಿಸಿ ಕೇಳಿದೆ. ಅಂಕಿಗಳನ್ನು ಯಾರು ಕೂಡಿಸಿದರು, ಆ ಸಂಗ್ರಹದ ಹೆಸರೇನು, ಎಷ್ಟನೇ ಆವೃತ್ತಿ, ಯಾವ ಸಂಸ್ಥೆ ಯಾವ ವರ್ಷ ಹೊರತಂದಿತು, ಯಾವ ದಿನ ನೆಟ್‌ನಿಂದ ಇಳಿಸಿಕೊಂಡದ್ದು, ಅದರ ಕಾಯಂ ಗುರುತಿನ ಸಂಖ್ಯೆ ಯಾವುದು, ಇಷ್ಟನ್ನೂ ಒಂದು ಸಾಲಿನಲ್ಲಿ ಬರೆಯಬೇಕಂತೆ. ಇಲ್ಲದಿದ್ದರೆ ಧ್ರುವದ ಅಧ್ಯಾಯವನ್ನು ಪರೀಕ್ಷಕರು ಮುಟ್ಟುವುದಿಲ್ಲ. ಒಪ್ಪಿಸುವ ಗಡುವು ಆಗಲೇ ಒಮ್ಮೆ ಮುಂದೆ ಹೋಗಿತ್ತು. ಈ ತಿಂಗಳ ಕೊನೆ ದಾಟಿದರೆ ನೋಂದಣಿಯೇ ರದ್ದು, ಇಷ್ಟು ವರ್ಷದ ದುಡಿಮೆ ಕಾಲುವೆ ಪಾಲು.

“ಇಷ್ಟೇ ತಾನೆ?” ಎಂದೆ. ಆಧಾರ ಕೊಡುವ ವಿಷಯದಲ್ಲಿ ನನಗೆ ಒಂದು ಬಗೆಯ ಪಾಳೇಗಾರಿಕೆಯ ಗತ್ತಿತ್ತು. ನಮ್ಮ ಕಾಲದಲ್ಲಿ ಯಾವ ಪುಸ್ತಕವನ್ನೇ ತೆಗೆಯಿರಿ, ಹೆಸರಿನ ಪುಟದ ಬೆನ್ನಿಗೆ ಅದರ ಕುಲಗೋತ್ರ ಅಚ್ಚಾಗಿರುತ್ತಿತ್ತು. “ತೆಗಿ ನಿನ್ನ ಫೈಲು. ಮೊದಲ ಪುಟ ತೋರಿಸು.”

ತೆಗೆದಳು. ಮೊದಲ ಪುಟ ಎಂಬುದಿರಲಿಲ್ಲ. ಮೊದಲ ಸಾಲಿನಿಂದಲೇ ಅಂಕಿ. ಮೈನಸ್ ಇಷ್ಟು, ಮೈನಸ್ ಅಷ್ಟು. ಹೊಲದ ತುಂಬ ತೆನೆ, ಹೊಲ ಯಾರದೆಂದು ಹೇಳುವವರಿಲ್ಲ.

“ಇವನ್ನ ಎಲ್ಲಿಂದ ತಂದೀ?”

“ಶಹಾಪುರದಿಂದ್ರಿ.”

ಸಗರದಲ್ಲಿ ಆಗ ನೆಟ್ ಬರುವುದೇ ಅಪರೂಪ, ಬಂದರೂ ಇಷ್ಟು ದೊಡ್ಡ ಫೈಲುಗಳನ್ನು ಎಳೆಯುವ ತ್ರಾಣ ಅದಕ್ಕಿರಲಿಲ್ಲ. ಧ್ರುವದ ಅಂಕಿಗಳನ್ನು ಇಟ್ಟಿದ್ದ ವಿದೇಶದ ಕೇಂದ್ರದ ವಿಳಾಸವನ್ನು ಶಹಾಪುರದ ಕಂಪ್ಯೂಟರ್ ಅಂಗಡಿಯವನಿಗೆ ಕೊಟ್ಟು, ಅವನಿಂದ ಡೌನ್‌ಲೋಡ್ ಮಾಡಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದಿದ್ದಳು. ಅಷ್ಟೇ ಅಲ್ಲ, ಮೊದಲ ಕರಡಿನಲ್ಲಿ ಆಧಾರವೆಂದು ಆ ಅಂಗಡಿಯ ಹೆಸರನ್ನೇ ಬರೆದಿದ್ದಳು. ನಮ್ಮಲ್ಲಿ ಬೀಜ ಎಲ್ಲಿಯದು ಎಂದರೆ ಯಾರ ಮನೆಯಿಂದ ತಂದೆವೋ ಆ ಮನೆಯ ಹೆಸರು ಹೇಳುತ್ತೇವೆಯೇ ಹೊರತು ಅದರ ಮುತ್ತಜ್ಜನ ಹೊಲ ಹುಡುಕಿಕೊಂಡು ಹೋಗುವುದಿಲ್ಲ. ಗೈಡ್ ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆ ಕುಡುಗೋಲಿನಷ್ಟು ದೊಡ್ಡದಿತ್ತು.

ಶಹಾಪುರಕ್ಕೆ ಹೋದೆವು. ಅಂಗಡಿಯವನು ಕಾಳುಕಡಿ ದಲ್ಲಾಳಿ ಮಾಡುವ ಅಡತಿ ಮನೆತನದವನು. ಕಾಳಿನ ಪೇಟೆಯಾದ ಗಂಜಿನಲ್ಲಿ ಅಪ್ಪನ ಗಾದಿಯ ಮೇಲೆ ಕೆಲವು ವರ್ಷ ಕೂತು, ಆಮೇಲೆ ಕಂಪ್ಯೂಟರಿಗೆ ಬಂದವನು. ನಮ್ಮನ್ನು ಕಂಡವನೇ ಎದುರಿನ ಹೋಟೆಲಿಗೆ ಕೂಗಿ ಚಹಾ ಹೇಳಿದ.

“ಹೋದ ವರ್ಷ ಈಕಿಗೆ ಚಳಿ ಫೈಲು ಇಳಿಸಿ ಕೊಟ್ಟಿದ್ದಿ ನೋಡಪ್ಪಾ…” ಎಂದು ನಾನು ಶುರು ಮಾಡಿದೆ.

“ಬರೇ ಇಳಿಸಿ ಕೊಡ್ಲಿಲ್ರಿ ಸರ, ಹಸನ ಮಾಡಿ ಕೊಟ್ಟೀನಿ!”

“ಹಸನ ಅಂದ್ರ?”

“ಒಂದೊಂದು ಫೈಲಿನ ಮ್ಯಾಲೂ ಇಂಗ್ಲಿಷಿನ್ಯಾಗ ರಾಶಿ ಕಸ ಇತ್ರಿ. ಅವರಿವರ ಹೆಸರು, ತಾರೀಖು, ಏನೇನೋ ನಂಬರು. ಮಾಲೇ ಕಾಣ್ತಿದ್ದಿಲ್ಲ. ಅದನ್ನೆಲ್ಲ ತಗದು, ಬರೇ ಕಾಳು ಉಳಿಸಿ, ಎಲ್ಲಾ ಫೈಲು ಒಂದ್ರಾಗ ಸುರುವಿ ಕೊಟ್ಟೀನಿ. ದಿನಾ ಪೂರ್ತಿ ಹಿಡೀತು. ಯಾಕ್ರಿ, ಮಾಲು ಚಲೋ ಬಂದಿಲ್ಲೇನು?”

ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಗಂಜಿನಲ್ಲಿ ಬೆಳೆದವನಿಗೆ ಕಸವಿರುವ ಮಾಲನ್ನು ಗಿರಾಕಿಯ ಕೈಗೆ ಕೊಡುವುದು ಮನೆತನಕ್ಕೇ ಅವಮಾನ. ನಮಗೆ ಬೇಕಾಗಿದ್ದ ಅಷ್ಟೂ ಸಂಗತಿ ಆ ಕಸದಲ್ಲಿತ್ತು. ಅವನ ಮೇಲೆ ಸಿಟ್ಟಾಗಲು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಅಷ್ಟರಲ್ಲಿ ಚಹಾ ಬಂತು.

“ಆ ಕಸ ಎಲ್ಲಿಟ್ಟೀ ಅಣ್ಣಾ?” ಎಂದು ಹುಡುಗಿ ಮೆಲ್ಲಗೆ ಕೇಳಿದಳು.

“ಕಸ ಯಾರಾರ ಇಟ್ಕೋತಾರೇನು ತಂಗಿ?”

ಮೂವರೂ ಪರದೆಯ ಮುಂದೆ ಕೂತೆವು. ವಿದೇಶದ ಕೇಂದ್ರದ ಜಾಲತಾಣ ತೆರೆದುಕೊಂಡಿತು. ನಾನು ಅಷ್ಟು ವರ್ಷ ಕಲಿಸಿದ ಧ್ರುವ ಒಂದೇ ಇತ್ತು. ಅಲ್ಲಿ ನೋಡಿದರೆ ಓಣಿಗೊಂದು ಧ್ರುವ. ಒಂದು, ಹಿಮದಲ್ಲಿ ನೆಟ್ಟ ಕೇಂದ್ರಗಳಲ್ಲಿ ಮನುಷ್ಯರು ಅಳೆದ ಚಳಿ. ಇನ್ನೊಂದು, ಉಪಗ್ರಹ ಮೇಲಿನಿಂದ ಕಂಡ ಚಳಿ. ಮತ್ತೊಂದು, ಯಾರೂ ಅಳೆಯದ ಜಾಗದಲ್ಲಿ ಅಕ್ಕಪಕ್ಕದ ಅಂಕಿ ನೋಡಿ ಲೆಕ್ಕ ಹಾಕಿ ತುಂಬಿದ ಚಳಿ. ಕಂದಾಯದ ಗಿರದಾವರ ಹೊಲಕ್ಕೆ ಹೋಗದೆ ಚಾವಡಿಯಲ್ಲೇ ಕೂತು ಪಹಣಿ ತುಂಬುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ. ಇವರು ಮಾತ್ರ ಹಾಗೆ ತುಂಬಿದ್ದೇವೆಂದು ಮುಚ್ಚುಮರೆಯಿಲ್ಲದೆ ಬರೆದೂ ಇಟ್ಟಿದ್ದರು.

ಪ್ರತಿಯೊಂದು ಸಂಗ್ರಹದ ಕೆಳಗೆ ‘ಹೀಗೆ ಉಲ್ಲೇಖಿಸಿ’ ಎಂದು ಸಿದ್ಧ ಸಾಲು ಇತ್ತು. ಅಂಗಡಿಯವನಿಗೆ ಖುಷಿಯಾಯಿತು. “ಅಡಗಿ ಮಾಡಿ ಬಡಿಸೇ ಇಟ್ಟಾರಲ್ರಿ!” ಹುಡುಗಿ ತನ್ನ ಅಂಕಿಗಳನ್ನು ಒಂದೊಂದಕ್ಕೂ ತಾಳೆ ನೋಡುತ್ತಾ ಹೋದಳು. ಕೇಂದ್ರಗಳಲ್ಲಿ ಅಳೆದ ಸಂಗ್ರಹಕ್ಕೆ ಹತ್ತಿರ ಬಂದವು, ಆದರೆ ಕೂಡಲಿಲ್ಲ. ಕೆಲವು ವರ್ಷ ಒಂದೇ, ಕೆಲವು ವರ್ಷ ಬೇರೆ. ಆ ಪುಟದ ಮೇಲ್ಗಡೆ ಸಣ್ಣ ಅಕ್ಷರದ ಸೂಚನೆಯೊಂದಿತ್ತು: ಹಿಂದಿನ ಆವೃತ್ತಿಗಳನ್ನು ಹಿಂತೆಗೆದುಕೊಂಡಿದ್ದೇವೆ, ದಯವಿಟ್ಟು ಇದನ್ನು ಬಳಸಿ. ಅವಳಲ್ಲಿದ್ದದ್ದು ಹಿಂದಿನವುಗಳಲ್ಲಿ ಯಾವುದೋ ಒಂದು.

“ಹೊಸಾದರ ಹೆಸರು ಹಾಕಿ ಬಿಡು ತಂಗಿ. ಎರಡೂ ಅದೇ ಧ್ರುವದ್ದು.”

“ನಾಳೆ ಯಾರಾರ ತಗದು ನೋಡಿದ್ರ ಅಣ್ಣಾ?”

“ಅಷ್ಟು ದೂರ ಹೋಗಿ ಯಾರು ನೋಡ್ತಾರ?”

“ದೂರ ಎಲ್ಲದ? ಈಗ ನಾವು ಮೂರೂ ಮಂದಿ ಇಲ್ಲೇ ಕುಂತು ನೋಡಾಕತ್ತೇವಲ್ಲ.”

ಅವನು ಮೌಸನ್ನು ಅವಳ ಕಡೆ ಸರಿಸಿದ. ಅವನ ಸಲಹೆ ಸರಿಯೆನಿಸತೊಡಗಿದ್ದ ನಾನೂ ಕನ್ನಡಕ ಒರೆಸಿಕೊಂಡು ಪರದೆಯ ಕಡೆ ತಿರುಗಿದೆ.

ಕೇಂದ್ರಕ್ಕೆ ಮೇಲ್ ಬರೆಯುವುದೆಂದಾಯಿತು. ನಾನು ಕೈ ಹಿಂದೆ ಕಟ್ಟಿಕೊಂಡು, ಘನತೆವೆತ್ತ ಮಹಾಶಯರೇ ಎಂಬಲ್ಲಿಂದ ಆರಂಭಿಸಿ, ಕೃಷ್ಣೆಯ ಕಾಲುವೆಯ ಪ್ರಸ್ತಾಪವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿ ಬರೆಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಮರ್ಯಾದೆಯಿಂದ ತಲೆಯಾಡಿಸಿ, ಎರಡು ಸಾಲು ಬರೆದು ಕಳಿಸಿದಳು. ಮರುಗಳಿಗೆಯಲ್ಲೇ ಉತ್ತರ ಬಂತು: ನಿಮ್ಮ ಪತ್ರ ತಲುಪಿದೆ, ಧನ್ಯವಾದ.

“ನೋಡಿದಿ? ಏನು ಶಿಸ್ತು ಅವರದು!” ಎಂದೆ.

“ಮಷೀನು ಬರದದ್ರಿ ಅದು.”

ಮನುಷ್ಯರ ಉತ್ತರ ಬರಲು ವಾರ ಹಿಡಿಯಿತು. ಬಹಳ ವಿನಯದ ಉತ್ತರ. ಯಾವ ಆವೃತ್ತಿ ಎಂದು ಹೇಳುವುದು ಸುಲಭ, ನಿಮ್ಮ ಫೈಲಿನ ಮೇಲಿನ ಕೆಲವು ಸಾಲುಗಳನ್ನು ಕಳಿಸಿಕೊಡಿ ಎಂದಿತ್ತು. ಆ ಸಾಲುಗಳು ಇಲ್ಲವೆಂದೂ, ಯಾಕಿಲ್ಲವೆಂದೂ ಇವಳು ಬರೆದಳು. ಕಾಳು ಹಸನು ಮಾಡುವುದನ್ನು ಅವರಿಗೆ ಯಾವ ಇಂಗ್ಲಿಷಿನಲ್ಲಿ ತಿಳಿಸಿದಳೋ ನನಗೆ ಗೊತ್ತಿಲ್ಲ. ಹಾಗಾದರೆ ಹಳೆಯ ಸಂಗ್ರಹದಲ್ಲಿ ಹುಡುಕಿಸಬೇಕು, ಕೆಲವು ವಾರ ಆಗಬಹುದು, ಕ್ಷಮಿಸಿ ಎಂದರು. ವಾರಗಳು ನಮ್ಮ ಬಳಿ ಇರಲಿಲ್ಲ.

ಅವಳು ಕೈಕಟ್ಟಿ ಕೂರುವವಳಲ್ಲ. ಹೊಸ ಆವೃತ್ತಿಯನ್ನು ಇಳಿಸಿಕೊಂಡು, ಈ ಸಲ ಕಸ ಸಮೇತ, ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿದಳು. ಮುಗಿದ ದಿನ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕೂತಳು. ಒಳಗೆ ಬಾ ಎಂದರೂ ಏಳಲಿಲ್ಲ.

“ಜೋಡಿ ಮುರೀತ್ರಿ ಸರ. ಧ್ರುವ ಒಂದು ಕಡಿ ಹೊಂಟದ, ನಮ್ಮ ಸಸಿಮಡಿ ಒಂದು ಕಡಿ ಹೊಂಟದ. ಏನೂ ಸಂಬಂಧ ಕಾಣವಲ್ದು.”

“ಸರೀ ನೋಡಿಯೇನು?”

“ಕಣ್ಣು ಉರಿಯೋತನಾ ನೋಡೀನ್ರಿ.”

ಅವಳ ಗೈಡ್ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕಟುಕನ ದನಿಯಲ್ಲ, ದಣಿದ ಮನುಷ್ಯನ ದನಿ. ಹಳೆಯ ಅಂಕಿಯಲ್ಲಿ ಸಂಬಂಧವಿದೆ, ಆಧಾರವಿಲ್ಲ. ಹೊಸದರಲ್ಲಿ ಆಧಾರವಿದೆ, ಸಂಬಂಧವಿಲ್ಲ. ಸಂಬಂಧವಿಲ್ಲ ಎಂದು ಬರೆದರೂ ಅದು ಶಾಸ್ತ್ರವೇ, ಆದರೆ ಅದನ್ನು ತಿದ್ದಿ ತೂಗಿ ನೋಡಲು ದಿನಗಳಿಲ್ಲ. “ಆ ಅಧ್ಯಾಯ ತಗದುಬಿಡಮ್ಮ. ಉಳಿದದ್ದು ಒಪ್ಪಿಸು” ಎಂದರು.

ತೆಗೆದಳು. ಆ ವಾರ ನನ್ನಿಂದಾದ ಮಹತ್ತರ ಸಹಾಯವೆಂದರೆ ಪುಟಸಂಖ್ಯೆಗಳನ್ನು ಹಿಂದಕ್ಕೆ ಸರಿಸಿದ್ದು, ಆಧಾರಗಳ ಪಟ್ಟಿಯಿಂದ ಹಿಮಕ್ಕೆ ಸಂಬಂಧಿಸಿದವನ್ನು ಒಂದೊಂದಾಗಿ ಹೊಡೆದುಹಾಕಿದ್ದು, ಅಲ್ಪವಿರಾಮಗಳು ತಪ್ಪದಂತೆ ಕಾವಲಿದ್ದದ್ದು. ಉಳಿದದ್ದು ನಮ್ಮ ರಾತ್ರಿಗಳು ಎಷ್ಟು ತಣ್ಣಗಿದ್ದವು, ಸಸಿ ಎಷ್ಟು ಹಳದಿಯಾಯಿತು ಎಂಬ ವಿವರ ಮಾತ್ರ. ಅದನ್ನು ಸಗರದ ಯಾವ ಹೊಲದ ಬದುವಿನ ಮೇಲೆ ಕೇಳಿದರೂ ಹೇಳುತ್ತಿದ್ದರು. ಯಾಕೆ ಎಂಬುದು ಹೊರಗೆ ಉಳಿಯಿತು. ಗಡುವಿನೊಳಗೆ ಒಪ್ಪಿಸಿ ಬಂದಳು, ನೋಂದಣಿ ಉಳಿಯಿತು. ಪರೀಕ್ಷಕರು ತಕರಾರಿಲ್ಲದೆ ಒಪ್ಪಿದರು. ತಕರಾರು ಮಾಡಲು ಅದರಲ್ಲಿ ಏನೂ ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಪೇಢೆ ಹಿಡಿದುಕೊಂಡು ಬಂದಳು. ಪೇಢೆ ಕೊಟ್ಟ ಮೇಲೆ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಕೇಂದ್ರದವರು ಮಾತು ಮರೆತಿರಲಿಲ್ಲ. ಹಳೆಯ ಸಂಗ್ರಹವನ್ನು ಜಾಲಾಡಿ, ಅವಳ ಅಂಕಿಗಳು ಯಾವ ಆವೃತ್ತಿಯವೆಂದು ಪತ್ತೆ ಮಾಡಿ, ಉಲ್ಲೇಖದ ಸಾಲನ್ನು ಪೂರ್ತಿ ಬರೆದು ಕಳಿಸಿದ್ದರು. ಹೆಸರು, ವರ್ಷ, ಆವೃತ್ತಿ, ಸಂಖ್ಯೆ, ಯಾವುದಕ್ಕೂ ಕುಂದಿಲ್ಲ. ನನ್ನ ಇಡೀ ಜೀವಮಾನದಲ್ಲಿ ಅಷ್ಟು ನಿರ್ದೋಷವಾದ ಉಲ್ಲೇಖ ನಾನು ನೋಡಿಲ್ಲ. ಅದರ ಕೆಳಗೆ ಇನ್ನೊಂದು ಮಾತಿತ್ತು: ಆ ಆವೃತ್ತಿಯಲ್ಲಿ ಹಿಮದಲ್ಲಿ ಚಳಿ ಅಳೆಯುವ ಎರಡು ಕೇಂದ್ರಗಳ ಅಂಕಿಗಳು ಅದಲುಬದಲಾಗಿದ್ದವು, ಅದಕ್ಕಾಗಿಯೇ ಹಿಂತೆಗೆದುಕೊಂಡೆವು, ವಿಷಾದಿಸುತ್ತೇವೆ.

ಎರಡು ಸಲ ಓದಿ ಫೋನು ವಾಪಸ್ಸು ಕೊಟ್ಟೆ.

“ಅಂದ್ರ ಸರ, ಕಸ ಹಂಗೇ ಇದ್ದಿದ್ರ ನಾನು ತಪ್ಪನ್ನೇ ಸರಿಯಾಗಿ ಬರದು ಕೊಡ್ತಿದ್ದೆ?”

“ಹೌದವ್ವಾ. ಒಂದು ಅಲ್ಪವಿರಾಮ ಸೈತ ತಪ್ಪದಂಗ.”

ಅವಳು ನಕ್ಕಳು, ಆಮೇಲೆ ನಗು ನಿಂತಿತು.

“ಹಂಗಾರ ನಾನು ಸಿಟ್ಟು ಯಾರ ಮ್ಯಾಲೆ ಮಾಡ್ಕೊಳ್ಳಿ? ಅಂಗಡಿ ಅಣ್ಣ ಚಲೋ ಮಾಡಬೇಕಂತ ಮಾಡ್ಯಾನ. ಇವರು ತಪ್ಪು ಗೊತ್ತಾದ ಕೂಡ್ಲೆ ತಿದ್ಯಾರ. ಗೈಡ್ ಕೇಳಬೇಕಾದ್ದನ್ನೇ ಕೇಳ್ಯಾರ. ಒಂದು ಹೆಸರು ಹೇಳ್ರಿ ಸರ, ಯಾವುದಾರ ಒಂದು.”

ಹುಡುಕಿದೆ. ಅಷ್ಟು ವರ್ಷ ಪಾಠ ಹೇಳಿದ ಬಾಯಿ. ಕೇಳಿದ್ದಕ್ಕೆ ಒಂದು ಹೆಸರನ್ನಾದರೂ ಕೊಡಬೇಕಿತ್ತು. ಕೊನೆಗೆ ಅವಳು ತಂದ ಪೇಢೆಯಲ್ಲೇ ಒಂದನ್ನು ಅವಳ ಕೈಗಿಟ್ಟೆ. ಅವಳು ಅದನ್ನು ಮುಷ್ಟಿಯಲ್ಲಿಟ್ಟುಕೊಂಡು, “ಇರ್ಲಿ ಬಿಡ್ರಿ” ಎಂದು ಚಪ್ಪಲಿ ಮೆಟ್ಟಿಕೊಂಡು ಸಗರದ ಬಸ್ಸಿಗೆ ಹೋದಳು.