ಹಿತ್ತಲಮನೆಯ ಅಕ್ಕ ಹಾಕಿದ ಒಲೆಗಳು

ಹೋದ ಮಳೆಗಾಲದಲ್ಲಿ ಗ್ಯಾಸ್ ಮುಗಿದು, ಹೊಸ ಸಿಲಿಂಡರ್ ಬರುವುದು ನಾಲ್ಕು ದಿನ ತಡವಾಯಿತು. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹಸಿ ಜಾಲಿ ಕಟ್ಟಿಗೆಗೆ ಬೆಂಕಿ ಹಚ್ಚಿದೆ. ಮೊದಲ ಸಲ ಊದುತ್ತಲೇ ಹೊಗೆ ಕಣ್ಣು, ಮೂಗು, ಗಂಟಲು ಮೂರನ್ನೂ ಹಿಡಿಯಿತು. ಆ ಕಟು ವಾಸನೆಯ ಹಿಂದೆಯೇ ಅವಳು ನೆನಪಾದಳು... ಹಿತ್ತಲಮನೆಯ ಅಕ್ಕ. ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ. ಮೈ ಉರಿದದ್ದು ಹೊಗೆಗಲ್ಲ.

ನಾನು ಕೊಟ್ಟೂರಿನಿಂದ ಹೊಸಹಳ್ಳಿ ಕಡೆಯ ಆ ಊರಿಗೆ ಸೊಸೆಯಾಗಿ ಹೋದದ್ದು ತೊಂಬತ್ತರ ದಶಕದ ನಡುವೆ. ಹನ್ನೊಂದು ಜನರ ಮನೆ. ಮಣ್ಣಿನ ಮಾಳಿಗೆ, ಅಡುಗೆಮನೆಗೆ ಅಂಗೈಯಗಲದ ಒಂದೇ ಬೆಳಕಿಂಡಿ. ಬೆಳಗಿನ ರೊಟ್ಟಿ ಬಡಿದು ಹೊರಗೆ ಬರುವಷ್ಟರಲ್ಲಿ ಸೆರಗೆಲ್ಲ ಕಣ್ಣೀರು, ಸಿಂಬಳ. ಮಾವ ಪಂಚಾಯ್ತಿ ಮೆಂಬರು. ರೊಟ್ಟಿ ತಡವಾದರೆ ತಟ್ಟೆ ತಳ್ಳುತ್ತಿದ್ದರು. ಹೊಗೆ ಹೆಚ್ಚಾದರೆ ಎದ್ದು ಊರ ಕಟ್ಟೆಗೆ ಹೋಗುತ್ತಿದ್ದರು. ಹಾಗೆ ಎದ್ದು ಹೋಗಲು ನಮಗೆ ಕಟ್ಟೆ ಇರಲಿಲ್ಲ.

ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡಿದ್ದ ಮನೆ ಅವಳದು. ನನಗಿಂತ ಹತ್ತು ವರ್ಷ ದೊಡ್ಡವಳು, ಹೊಲದ ಕೂಲಿಗೆ ಹೋಗುವವಳು. ಸರ್ಕಾರದವರು ಹೊಗೆ ಇಲ್ಲದ ಒಲೆ ಹಾಕುವುದನ್ನು ಕಲಿಸುತ್ತಾರೆಂದು ಕೂಡ್ಲಿಗಿಗೆ ಹೋಗಿ ಎಂಟು ದಿನ ಕಲಿತು ಬಂದಳು. ಕೆಮ್ಮಣ್ಣು, ಸಗಣಿ, ಹೊಟ್ಟು ಕಲಸಿ ಎರಡು ಬಾಯಿಯ ಒಲೆ ಕಟ್ಟುವುದು. ಹಿಂದಿನ ತೂತಿಗೆ ಸಿಮೆಂಟಿನ ಪೈಪು ಕೂಡಿಸಿ ಮಾಳಿಗೆಯ ಮೇಲಕ್ಕೆ ಹೊಗೆ ಬಿಡುವುದು. ಇಷ್ಟೇ. ಆದರೆ ಇಷ್ಟಕ್ಕೂ ಗಂಡಸರು ಒಪ್ಪಬೇಕಿತ್ತು. ಮಾಳಿಗೆಗೆ ತೂತು ಹಾಕಿದರೆ ಮಳೆ ಸೋರುತ್ತದೆ ಎಂದು ಎಲ್ಲ ಮನೆಯಲ್ಲೂ ಅದೇ ರಾಗ.

"ರೊಟ್ಟಿ ಬಡಿಯೋರು ನಾವು, ಕೆಮ್ಮೋರು ನಾವು. ನೀವೊಂದು ತಾಸು ಒಳಗ ಕುಂದುರ್ರಿ, ಆಮ್ಯಾಲ ಮಾಳಿಗಿ ಮಾತಾಡ್ರಿ," ಎಂದು ಅಕ್ಕ ಒಬ್ಬ ಯಜಮಾನನನ್ನು ನಿಜವಾಗಿಯೂ ಒಲೆಯ ಮುಂದೆ ಕೂರಿಸಿದ್ದಳು. ಒಂದು ರೊಟ್ಟಿ ಬೇಯುವಷ್ಟರಲ್ಲಿ ಅವನು ಕೆಮ್ಮುತ್ತಾ ಹೊರಗೆ ಓಡಿದ. ಒಲೆಗೆ ಒಪ್ಪಿದ.

ಹೀಗೆ ಇಪ್ಪತ್ತು ಮನೆಗಳಲ್ಲಿ ಅವಳ ಕೈಯ ಒಲೆ ಎದ್ದವು. ಸರ್ಕಾರ ಕಳಿಸಿದ ಪೈಪುಗಳು ಟ್ರ್ಯಾಕ್ಟರಿನಲ್ಲಿ ಬಂದು, ಮೆಂಬರ ಮನೆ ಎಂದು, ನಮ್ಮ ಅಂಗಳದಲ್ಲಿ ಇಳಿದವು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸಾಹೇಬರು ಫೋಟೋ ತೆಗೆಯಲು ಬರುವ ಮೂರು ಮನೆಗಳಿಗೆ ಮಾತ್ರ ಮಾವ ಪೈಪು ಕೊಟ್ಟರು. ಉಳಿದವನ್ನು ನಮ್ಮ ತೋಟದಲ್ಲಿ, ಮೆಣಸಿನ ಗಿಡಕ್ಕೆ ಬಾವಿಯ ನೀರು ಹಾಯಿಸಲು, ನೆಲದಡಿ ಹೂಳಿಸಿದರು. ಬುತ್ತಿ ಒಯ್ದಾಗ ಅದನ್ನೂ ನೋಡಿದೆ. "ಇನ್ನಾ ಪೈಪು ಬಂದಿಲ್ಲ," ಎಂದು ಮಾವ ಊರಿಗೆಲ್ಲ ಹೇಳಿದರು.

ಪೈಪಿಲ್ಲದ ಒಲೆಗಳು ಹಿಂದಿನ ತೂತಿನಿಂದ ಮನೆಯೊಳಗೇ ಹೊಗೆ ಕಾರಿದವು. ಬೈಗುಳ ಬಿದ್ದದ್ದು ಅವಳಿಗೆ. "ಹೊಗಿ ಇಲ್ಲದ ಒಲಿ ಅಂತ ಹೇಳಿ, ಇದ್ದ ಹೊಗಿ ಎರಡು ಪಟ್ಟು ಮಾಡಿದ್ಯಲ್ಲೇ," ಎಂದು ಒಬ್ಬ ಮುದುಕಿ ತನ್ನ ಒಲೆ ಒಡೆದು ಆ ಮಣ್ಣನ್ನು ಅವಳ ಬಾಗಿಲಿಗೆ ತಂದು ಸುರಿದಳು. ಅವತ್ತೇ ಅಕ್ಕ ಗೋಡೆಯಾಚೆಯಿಂದ ನನ್ನನ್ನು ಕೇಳಿದಳು: "ತಂಗಿ, ಪೈಪು ನಿಮ್ಮನಿಗೆ ಬಂದಿದ್ವಂತ. ಖರೇನು?"

"ನನಗೇನು ಗೊತ್ತಕ್ಕಾ," ಎಂದೆ.

ಅವಳೇ ಹುಡುಕಿದಳು. ಪಕ್ಕದ ಹೊಲಕ್ಕೆ ಕಳೆ ತೆಗೆಯಲು ಹೋದವಳಿಗೆ ಬದುವಿನಲ್ಲಿ ಪೈಪಿನ ಬಾಯಿ ಕಂಡಿತು. ಮರುದಿನ ಬೆಳಗ್ಗೆ, ಊರೆಲ್ಲ ನೋಡುತ್ತಿರುವಂತೆಯೇ, ಇಬ್ಬರು ಹೆಂಗಸರನ್ನು ಕರೆದುಕೊಂಡು ಗುದ್ದಲಿ ಹಿಡಿದು ಹೋಗಿ ಅಗೆದು, ತಲೆಯ ಮೇಲೆ ಹೊತ್ತು ನಡುಬೀದಿಯಲ್ಲಿ ಬಂದಳು. ಬಾಣಂತಿಯಿದ್ದ ಮನೆಯ ಮಾಳಿಗೆ ಹತ್ತಿ ಪೈಪು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಹೊಗೆ ಎದ್ದಿತು. ಒಲೆ ಒಡೆದಿದ್ದ ಮುದುಕಿಯೂ ಬೀದಿಯಲ್ಲಿ ನಿಂತು ತಲೆಯೆತ್ತಿ, "ಯವ್ವಾ, ಹೊಗಿ ಹೊರಗ ಹೊಂಟೈತಿ!" ಎಂದಳು.

ಮಧ್ಯಾಹ್ನ ಊರ ಹಿರಿಯರು ಅಕ್ಕನನ್ನು ಕಟ್ಟೆಗೆ ಕರೆಸಿದರು. "ನಾ ಕೊಂಡು ಹಾಕಿದ ಪೈಪು ಕದ್ದಾಳ," ಎಂದರು ಮಾವ.

ಅವಳು ಹೆದರಲಿಲ್ಲ. "ಅವ್ರ ಸೊಸಿನ್ನ ಕೇಳ್ರಿ. ಆಕಿ ಸುಳ್ಳು ಹೇಳಾಕಿ ಅಲ್ಲ," ಎಂದಳು.

ನನ್ನನ್ನು ಕರೆಸಿದರು. ಸೆರಗು ಎಳೆದುಕೊಂಡು ನಿಂತೆ. ನನ್ನ ಗಂಡ ನೆಲ ನೋಡುತ್ತಿದ್ದ. "ನಾ ಒಳಗಿದ್ದೆ. ಏನೂ ನೋಡಿಲ್ರಿ," ಎಂದೆ...

ನಿಲ್ಲಿಸಿದ ಪೈಪನ್ನು ಅವಳ ಕೈಯಿಂದಲೇ ಕೀಳಿಸಿದರು, ಅವಳ ಕೈಯಿಂದಲೇ ನಮ್ಮ ತೋಟದಲ್ಲಿ ಹೂಳಿಸಿದರು. ಮನೆಯ ಹೆಂಗಸರ ಕೆಮ್ಮು ಕೇಳುತ್ತಲೇ ಬೆಳಗಿನ ರೊಟ್ಟಿ ತಿಂದು ಬಂದಿದ್ದ ಅಷ್ಟೂ ಗಂಡಸರಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ. ಮೂರು ಮನೆಯ ಫೋಟೋ ಇಟ್ಟುಕೊಂಡು ಸಾಹೇಬರು ಇಡೀ ಊರಿಗೇ ಹೊಗೆ ಇಲ್ಲ ಎಂದು ಬರೆದುಕೊಂಡು ಹೋದರು. ಕಳ್ಳಿ ಎನ್ನಿಸಿಕೊಂಡ ಅವಳು ಗಂಡನನ್ನೂ ಸಣ್ಣ ಮಗಳನ್ನೂ ಕರೆದುಕೊಂಡು ಹರಪನಹಳ್ಳಿ ಕಡೆ ಹೊರಟುಹೋದಳು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ...

ಹೋದ ಮಳೆಗಾಲ, ಮೂರು ಕಲ್ಲು ಹೂಡಿದ ಎರಡನೆಯ ದಿನ ಬಸ್ಸು ಹತ್ತಿದೆ. ಕೇಳುತ್ತಾ ಕೇಳುತ್ತಾ ಹೋಗಿ, ಉಚ್ಚಂಗಿದುರ್ಗದ ಹತ್ತಿರ ಅವಳ ಮಗಳ ಮನೆ ಸಿಕ್ಕಿತು. ಅಕ್ಕ ಇರಲಿಲ್ಲ. ಉಬ್ಬಸ ಹತ್ತಿ ಆರು ವರ್ಷ ನರಳಿ ತೀರಿಹೋದಳಂತೆ. ಮತ್ತೆಂದೂ ಯಾರಿಗೂ ಒಲೆ ಹಾಕಿಕೊಡಲಿಲ್ಲವಂತೆ, ತನ್ನ ಮನೆಗೂ.

ನಡೆದದ್ದನ್ನೆಲ್ಲ ಹೇಳಿದೆ. ಸಣ್ಣವಳಿದ್ದಾಗ ನನ್ನನ್ನು ಚಿಗವ್ವ ಎಂದು ಕರೆಯುತ್ತಿದ್ದ ಆ ಮಗಳು ಕೊನೆಯವರೆಗೂ ಕೇಳಿದಳು.

"ನಮ್ಮವ್ವ ಕಳ್ಳಿ ಅಲ್ಲಂತ ನನಗ ಗೊತ್ತೈತ್ರಿ," ಎಂದಳು. "ಆಕಿ ಇದ್ದಾಗ ಊರಿಗೆ ಹೇಳಬೇಕಿತ್ರಿ."

ಕುಡಿಯಲು ನೀರು ಕೊಟ್ಟಳು. ಉಂಡು ಹೋಗಿರಿ ಎನ್ನಲಿಲ್ಲ. ಅನ್ನಬಾರದಿತ್ತು ಕೂಡ.

ಮಾವ ಸತ್ತಿದ್ದಾರೆ. ಅಂದು ಕಟ್ಟೆಯ ಮೇಲಿದ್ದವರಲ್ಲೂ ಬಹಳ ಜನ ಹೋಗಿದ್ದಾರೆ. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಆರುವುದೂ ಬೇಡ. ಆದರೆ ಅವರಿಗೆ ಆ ಹೊಗೆ ಏನೆಂದು ಗೊತ್ತಿರಲಿಲ್ಲ. ನಾನು ಅಂದು ಬೆಳಗ್ಗೆಯೂ ಕೆಮ್ಮಿ ಕೆಮ್ಮಿಯೇ ಕಟ್ಟೆಗೆ ಹೋಗಿದ್ದೆ.