ಎಮ್ಮೆಹಳ್ಳದ ಬೋರ್ಡು

ಎಮ್ಮೆಹಳ್ಳ ಅನ್ನೋ ಹೆಸರು ಉಳಿದದ್ದು ಊರವರ ಒಳ್ಳೆ ಬುದ್ಧಿಯಿಂದಲ್ಲ. ನಾನು ಹಟ ಹಿಡಿದೆ, ಅವರು ಸೋತರು. ನಡೆದದ್ದು ಅಷ್ಟೇ.

ಹಳ್ಳ ಹುಟ್ಟೋದು ಹರವೆ ಕಡೆಯ ನನ್ನ ತವರೂರಿನ ಮೇಲೆ, ಒಂದು ಬಂಡೆ ಬುಡದ ಒರತೆಯಲ್ಲಿ. ಅಲ್ಲಿಂದ ಇಳಿದು, ಎಮ್ಮೆ ಮೀಯೋ ಗುಂಡಿ ತುಂಬಿಸಿ, ಅರಿಶಿನದ ಹೊಲಗಳನ್ನು ಬಳಸಿಕೊಂಡು ನನ್ನ ಗಂಡನ ಊರಿಗೆ ಬರುತ್ತೆ. ಮಳೆಗಾಲದಲ್ಲಿ ಮೊಣಕಾಲುದ್ದ, ಬೇಸಗೇಲಿ ಪಾದ ನೆನೆದರೆ ಹೆಚ್ಚು. ನಾನೂ ಅದರ ಹಿಂದೆಯೇ ಇಳಿದು ಬಂದವಳು, ಮದುವೆಯಾಗಿ. ಬಂದ ಹೊಸದರಲ್ಲಿ ಅತ್ತೆ, "ನಿಮ್ಮೂರ ಎಮ್ಮೆ ತೊಳೆದ ನೀರು ಕಣಮ್ಮಿ ನಮಗೆ ಬರೋದು" ಅಂದಿದ್ದರು. "ಎಮ್ಮೆ ಹಾಲು ಕುಡಿಯೋವಾಗ ಈ ಮಾತು ಬರಕಿಲ್ವಲ್ಲ ಅತ್ತೆ" ಅಂದೆ. ಆಮೇಲೆ ಅವರು ಆ ಮಾತು ತೆಗೀಲಿಲ್ಲ.

ಈ ವರ್ಷ ಹಳ್ಳಕ್ಕೆ ಸೇತುವೆ ಆಯ್ತು. ಬೋರ್ಡು ನಿಲ್ಲಿಸಿ, ಪೇಂಟರನ್ನೂ ಕರೆಸಿದರು. ನನ್ನ ಮೈದುನನ ಮಗ ಪಂಚಾಯ್ತಿ ಮೆಂಬರು. ಜನ ಸೇರಿಸಿ, "ಅಮೃತವಾಹಿನಿ ಅಂತ ಬರೆಸನ" ಅಂದ. ಎಲ್ಲ ತಲೆ ಆಡಿಸಿದರು.

"ಎಮ್ಮೆಹಳ್ಳಕ್ಕೆ ಏನಾಗದೆ?" ಅಂದೆ.

"ಮೊಬೈಲಲ್ಲಿ ಫೋಟೋ ನೋಡಿ ಗುಂಡ್ಲುಪೇಟೆಯೋರೆಲ್ಲ ನಗ್ತಾರೆ, ದೊಡ್ಡವ್ವ."

"ನಗ್ಲಿ ಬುಡು. ಅವರ ಹಲ್ಲು, ಅವರ ಬಾಯಿ."

ನಮ್ಮ ಯಜಮಾನರು ಕೆಮ್ಮಿದರು. ಸುಮ್ಮನಿರು ಅಂತ ಅರ್ಥ. ಮದುವೆಯಾದಾಗಿಂದ ಕೆಮ್ಮುತ್ತಲೇ ಇದ್ದಾರೆ.

ಪಕ್ಕದ ಮನೆ ಮುದುಕ, "ತವರೂರೋರು ಇಟ್ಟ ಹೆಸ್ರು ಅಂತ ಒದ್ದಾಡ್ತಾಳೆ ಕಣ್ಲಾ" ಅಂದ. ಹೌದು, ಅದಕ್ಕೇ. ಮದುವೆಯಲ್ಲಿ ಮನೆ ಬಿಟ್ಟೆ, ಮನೆದೇವರನ್ನೂ ಬಿಟ್ಟೆ. ನನ್ನ ಜೊತೆ ಬಂದದ್ದು ಈ ಹಳ್ಳ ಒಂದೇ. ಅದರ ಹೆಸರನ್ನೂ ಬಿಡು ಅಂದರೆ ಬಿಡೋಳಲ್ಲ ನಾನು.

ಗಂಡನ ಊರ ಮಾರಮ್ಮನ ಪೂಜೆಗೆ ಹಳ್ಳ ಹುಟ್ಟೋ ಒರತೆಯಿಂದಲೇ ಮೀಸಲು ನೀರು ಬರಬೇಕು. ಕೆಳಗಿನ ನೀರು ನಡೆಯಲ್ಲ. ಕಳಸ ಇರೋದು ನಮ್ಮನೇಲಿ. ಬರಿಗಾಲಲ್ಲಿ ಹೋಗಿ ತಲೆ ಮೇಲೆ ಹೊತ್ತು ತರೋಳು ನಾನು. ಪೂಜೆ ಹತ್ತಿರವೇ ಇತ್ತು.

"ಆಯ್ತು, ಅಮೃತ ಅಂತಲೇ ಬರೆಸಿ. ಇಲ್ಲೇ ಅಮೃತ ಹರೀತಿರೋವಾಗ ನಾನ್ಯಾಕೆ ಅಷ್ಟು ದೂರ ಓಗ್ಲಿ? ಈ ಸಲ ಕಳಸವ ಸೇತುವೆ ಕೆಳಗೇ ಮುಳುಗಿಸ್ಕಂಡು ಬತ್ತೀನಿ."

ಹೆಂಗಸರು ನಕ್ಕರು. ಆಮೇಲೆ ನಗು ನಿಂತಿತು. ಮುದುಕ ಎದ್ದು ನಿಂತ. "ಅಂಗೆಲ್ಲ ಮಾಡ್ಬ್ಯಾಡ ಕಣವ್ವ, ಮಾರಮ್ಮ ಒಪ್ಪಕಿಲ್ಲ."

"ಅಂಗಾದ್ರೆ ಅವಳಿಗೆ ನಿಮ್ಮ ಅಮೃತ ಬ್ಯಾಡ, ಎಮ್ಮೆಹಳ್ಳದ ನೀರೇ ಬೇಕು ಅಂತಾಯ್ತು. ದೇವರಿಗೆ ಆಗೋದು ನಿಮಗೆ ಆಗಕಿಲ್ವ?"

ಈ ಸಲ ಯಜಮಾನರು ಕೆಮ್ಮಲಿಲ್ಲ. ಕೊನೆಗೆ ಮೈದುನನ ಮಗ ಪೇಂಟರನ ಕಡೆ ತಿರುಗಿ, "ಎಮ್ಮೆಹಳ್ಳ ಅಂತಲೇ ಬರಿಯಪ್ಪ. ದಪ್ಪಕ್ಕೆ ಬರಿ, ಇಲ್ದಿದ್ರೆ ದೊಡ್ಡವ್ವ ಅದಕ್ಕೂ ಜಗಳ ತೆಗೀತಾಳೆ" ಅಂದ.

ನಾನು ಓದಿದ್ದು ಎರಡನೇ ಕ್ಲಾಸು. ಪೇಂಟರು ಬರೆದು ಮುಗಿಸೋವರೆಗೆ ಪಕ್ಕದಲ್ಲೇ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡೆ.

ಮಾರನೆ ದಿನ ಬೆಳಗ್ಗೆ ಹಾಲು ಕರೆದು, ನಮ್ಮ ಎಮ್ಮೆ ಹೊಡೆದುಕೊಂಡು ಹೋಗಿ, ಆ ಬೋರ್ಡಿನ ಕೆಳಗೇ ಅದರ ಮೈ ತೊಳೆದೆ.