ಅಬಿಡ್ಸ್‌ನಲ್ಲಿ ಸರ್ಕೇಸಿಯಾದ ದೊರೆ

ಅಬಿಡ್ಸ್ ಪೇಟೆ, ಭಾನುವಾರ. ಪಾದಚಾರಿ ದಾರಿಯ ಹಳೆಯ ಪುಸ್ತಕಗಳ ಮುಂದೆ ಕುಳಿತಿದ್ದ ಜಾನ್ಸೆತ್ ಇದೇ ಊರಿನ ತಾರ್ನಾಕದಲ್ಲಿ ಓದುವ ಸರ್ಕೇಸಿಯನ್ ಯುವತಿ, ಹುಟ್ಟಿದ್ದು ಜೋರ್ಡಾನಿನಲ್ಲಿ. ಪೂರ್ವಜರು ಹೊರದೂಡಲ್ಪಟ್ಟ ಕಾಕಸಸ್ಸಿನ ಸರ್ಕೇಸಿಯಾ ನಾಡನ್ನು ಅವಳು ಕಂಡಿಲ್ಲ. ಹೊಸ ನಕಾಶೆಗಳಲ್ಲಿ ಇಲ್ಲದ ಅದರ ಹೆಸರಿರುವ ಹಳೆಯ ನಕಾಶೆಯನ್ನಾದರೂ ಕಾಣಬೇಕೆಂದು ಹುಡುಕುತ್ತಿದ್ದಳು. ಅವಳ ಜೊತೆ ಬಂದಿದ್ದ, ಗಡಿಗಳು ಅಳಿಯಲೆಂದು ವೇದಿಕೆಗಳಲ್ಲಿ ವಾದಿಸುವ ನಾನೂ ಪುಟ ತಿರುವತೊಡಗಿದೆ.

ಹಿರಿಯ ಗಿರಾಕಿ ಬಂದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ಅದು ಅವರ ಕುಲಾಚಾರವಂತೆ.

“ಆ ತಂಗಿಗೆ ಕುಂದರಾಕ ಹೇಳ್ರಿ. ಇಲ್ಲಿ ಬರೋರು ಚೌಕಾಸಿ ಮಾಡೋರು, ರಾಜರಲ್ಲ,” ಎಂದು ಬೀದರಿನ ವ್ಯಾಪಾರಿ ಬಸಪ್ಪ ನಕ್ಕ.

ಹರಿದ ಅಟ್ಲಾಸೊಂದರಲ್ಲಿ, ಕಪ್ಪು ಸಮುದ್ರದ ದಂಡೆಯ ಮೇಲೆ, ಆ ಹೆಸರು ಸಿಕ್ಕಿತು.

“ಶತಮಾನಗಳ ಹಿಂದೆ ನಮ್ಮ ದೊರೆ ಇನಾಲ್ ಚದುರಿದ ಕುಲಗಳನ್ನು ಕೂಡಿಸಿದ್ದು ಇಲ್ಲೇ,” ಎಂದು ಹಿಂದಿಯಲ್ಲಿ ಹೇಳಿದವಳು, ಯಾರೂ ಬಾರದಿದ್ದರೂ ಎದ್ದು ನಿಂತಳು.

ಬಸಪ್ಪ ಈ ಸಲ ನಗಲಿಲ್ಲ. “ಯಾರೋ ಭಾಳ ದೊಡ್ಡವರು ಬಂದಾರೇನ್ರಿ?” ಎಂದು ಮೆಲ್ಲಗೆ ಕೇಳಿ, ಮೊಣಕಾಲಿಗೆ ಕೈಯೂರಿ ತಾನೂ ಎದ್ದ.